ಗುರುತ್ವಕ್ಕೆ ತಕ್ಕ ಮೈಕಟ್ಟು

ಪ್ರಾಣಿಗಳ ಅಂಗರಚನೆ ಕಲಿಸುವ ನನ್ನನ್ನು ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಗುರುತ್ವ ಜಾಸ್ತಿ ಇರುವ ಗ್ರಹದಲ್ಲಿ ಜೀವಿಗಳಿದ್ದರೆ ಕುಳ್ಳಗೆ, ದಪ್ಪಗೆ ಇರುತ್ತವೆ, ಕಡಿಮೆ ಇರುವಲ್ಲಿ ಉದ್ದಕ್ಕೆ, ತೆಳ್ಳಗೆ ಇರುತ್ತವೆ, ಅಲ್ವಾ? ಅರ್ಧ ಸರಿ. ನೆಲದ ಮೇಲೆ ಓಡಾಡುವ ದೊಡ್ಡ ಪ್ರಾಣಿಗಳಿಗೆ ಈ ಮಾತು ಒಪ್ಪುತ್ತದೆ. ಮಿಕ್ಕವುಗಳ ವಿಷಯದಲ್ಲಿ ಮೊದಲು ಕೇಳಬೇಕಾದದ್ದು ಬೇರೆ: ಆ ಜೀವಿ ಎಷ್ಟು ದೊಡ್ಡದು, ಎಲ್ಲಿ ಬದುಕುತ್ತದೆ?

ಇಲಿಯ ತೊಡೆಮೂಳೆಯನ್ನೂ ಆನೆಯ ತೊಡೆಮೂಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇಲಿಯದನ್ನು ಅದೇ ಆಕಾರದಲ್ಲಿ ಆನೆಯಷ್ಟು ದೊಡ್ಡದು ಮಾಡಿದರೂ ಅದು ಆನೆಯ ಭಾರ ತಡೆಯದು. ಕಾರಣವನ್ನು ಗೆಲಿಲಿಯೋ 1638ರಲ್ಲೇ ವಿವರಿಸಿದ್ದಾರೆ. ಮೈಯ ಉದ್ದ, ಅಗಲ, ಎತ್ತರ ಮೂರೂ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ. ಮೂಳೆಯನ್ನು ಅಡ್ಡ ಕೊಯ್ದರೆ ಕಾಣುವ ಜಾಗ ಮಾತ್ರ ನಾಲ್ಕೇ ಪಟ್ಟು. ಹಾಗಾಗಿ ಮೈ ಬೆಳೆದಂತೆ ಮೂಳೆ ಇನ್ನೂ ಜಾಸ್ತಿ ದಪ್ಪಗಾಗಬೇಕು.

ಬರೀ ದಪ್ಪದಿಂದ ಕೆಲಸ ಮುಗಿಯುವುದಿಲ್ಲ. ನಿಲುವೂ ಬದಲಾಗಬೇಕು. ಇಲಿ ಕಾಲು ಮಡಚಿಕೊಂಡೇ ಓಡಾಡುತ್ತದೆ. ಆನೆಯ ಕಾಲು ಕಂಬದ ಹಾಗೆ ನೇರ. ನೇರವಾದ ಕಾಲಿನಲ್ಲಿ ಭಾರ ಮೂಳೆಯುದ್ದಕ್ಕೂ ಕೆಳಗಿಳಿಯುತ್ತದೆ, ಮೂಳೆಯನ್ನು ಬಗ್ಗಿಸುವ ಬಲ ಕಡಿಮೆಯಾಗುತ್ತದೆ. ಹಿಮ್ಮಡಿಯಡಿ ಕೊಬ್ಬಿನ ದಪ್ಪ ಮೆತ್ತೆಯೂ ಇದೆ. ಇಷ್ಟೆಲ್ಲ ಇದ್ದೂ ಬೆಳೆದ ಆನೆ ನೆಗೆಯಲಾರದು.

ಇರುವೆಗೆ ಈ ತಾಪತ್ರಯವೇ ಇಲ್ಲ. ಎತ್ತರದಿಂದ ಬಿದ್ದರೂ ಎದ್ದು ಹೋಗುತ್ತದೆ. ಅಷ್ಟು ಪುಟ್ಟ ಮೈಗೆ ಗುರುತ್ವಕ್ಕಿಂತ ಮೈಗಂಟಿದ ನೀರಿನ ಹನಿಯೇ ದೊಡ್ಡ ಕಷ್ಟ.

ನೀರಿನೊಳಗೆ ಲೆಕ್ಕವೇ ಬೇರೆ. ನೀಲಿ ತಿಮಿಂಗಿಲ 150 ಟನ್ ತೂಗಬಹುದು, ಆದರೂ ಸಲೀಸಾಗಿ ಈಜುತ್ತದೆ, ಸುತ್ತಲಿನ ನೀರೇ ಅದರ ಭಾರವನ್ನು ಹೊರುತ್ತದೆ. ದೊಡ್ಡ ತಿಮಿಂಗಿಲ ದಡಕ್ಕೆ ಬಂದು ಸಿಕ್ಕಿಕೊಂಡರೆ ಅದರ ತೂಕವೇ ಅದರ ಎದೆಯನ್ನು ಒತ್ತಿ ಉಸಿರಾಟ ಕಷ್ಟವಾಗುತ್ತದೆ.

ನನಗೆ ಇವೆಲ್ಲಕ್ಕಿಂತ ಇಷ್ಟದ ಉದಾಹರಣೆ ಹಾವು. ಅಲ್ಲಿ ಕಾಲಿಲ್ಲ, ತೂಕ ಹೊರುವ ಮಾತಿಲ್ಲ. ಆದರೂ ಗುರುತ್ವದ ಗುರುತು ಅಚ್ಚುಕಟ್ಟಾಗಿ ಸಿಗುತ್ತದೆ, ಹೃದಯ ಇರುವ ಜಾಗದಲ್ಲಿ. ಮರ ಹತ್ತುವ ಹಾವುಗಳ ಹೃದಯ ತಲೆಗೆ ಹತ್ತಿರ ಇರುತ್ತದೆ. ಕಡಲ ಹಾವುಗಳಲ್ಲಿ ಅದು ಮೈಯ ನಡುಭಾಗದ ಕಡೆ ಸರಿದಿರುತ್ತದೆ. ತಲೆ ಮೇಲೆ ಮಾಡಿ ಹತ್ತುವ ಹಾವಿಗೆ ರಕ್ತವನ್ನು ಮೇಲಕ್ಕೆ ನೂಕಬೇಕು, ಹೃದಯ ತಲೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ರಕ್ತ ಬಾಲದ ಕಡೆ ಇಳಿದು ನಿಲ್ಲದ ಹಾಗೆ ಅವುಗಳ ಮೈ ಸಪೂರ, ಚರ್ಮ ಬಿಗಿ. ಕಡಲ ಹಾವಿಗೆ ಇದರ ಅಗತ್ಯವಿಲ್ಲ. ಒಳಗಿನ ರಕ್ತದ ಒತ್ತಡಕ್ಕೆ ಹೊರಗಿನ ನೀರಿನ ಒತ್ತಡ ಸರಿಸಮ ನಿಲ್ಲುತ್ತದೆ. ಅದೇ ಹಾವನ್ನು ನೀರಿನಿಂದ ತೆಗೆದು ತಲೆ ಮೇಲಾಗಿ ಹಿಡಿದರೆ ರಕ್ತ ಕೆಳಗಿಳಿದು ಮಿದುಳಿಗೆ ಸಾಕಾಗುವುದಿಲ್ಲ. ಗ್ರಹ ಒಂದೇ, ಎಳೆತವೂ ಒಂದೇ. ಬದುಕುವ ಜಾಗ ಬೇರೆಯಾದದ್ದಕ್ಕೆ ಹೃದಯವೇ ಸರಿದುಕೊಂಡಿದೆ. ಜಿರಾಫೆ ಇದೇ ಕಷ್ಟವನ್ನು ಇನ್ನೊಂದು ರೀತಿ ಬಗೆಹರಿಸಿಕೊಂಡಿದೆ. ಅದರ ರಕ್ತದೊತ್ತಡ ನಮ್ಮದರ ಸುಮಾರು ಎರಡು ಪಟ್ಟು, ಕಾಲಿನ ಚರ್ಮ ಬಲು ಬಿಗಿ.

ಡೈನೋಸಾರ್‌ಗಳ ಕಾಲದಲ್ಲಿ ಗುರುತ್ವ ಕಡಿಮೆ ಇತ್ತು, ಅದಕ್ಕೇ ಅವು ಅಷ್ಟು ದೊಡ್ಡದಾದವು ಎಂದು ಕೆಲವರು ಹೇಳುತ್ತಾರೆ. ಅದಕ್ಕೆ ಆಧಾರವಿಲ್ಲ. ಗುರುತ್ವವನ್ನು ನಿರ್ಧರಿಸುವುದು ಗ್ರಹದ ದ್ರವ್ಯರಾಶಿ ಮತ್ತು ಗಾತ್ರ. ಗಾಳಿಯ ಆಮ್ಲಜನಕ ಬದಲಾಗಿದೆ, ಹವೆ ಬದಲಾಗಿದೆ, ಆದರೆ ಭೂಮಿಯ ಎಳೆತ ಆಗಲೂ ಹೆಚ್ಚುಕಡಿಮೆ ಇಷ್ಟೇ ಇತ್ತು. ಉದ್ದ ಕತ್ತಿನ ಆ ದೈತ್ಯರ ಬೆನ್ನುಮೂಳೆಗಳನ್ನು ನೋಡಿ. ಒಳಗೆಲ್ಲ ಗಾಳಿ ತುಂಬಿದ ಟೊಳ್ಳುಗಳು. ಕಾಲುಗಳಂತೂ ಆನೆಯದರ ಹಾಗೇ ನೇರ. ಗುರುತ್ವ ಕಡಿಮೆ ಇದ್ದಿದ್ದರೆ ತೂಕ ಇಳಿಸಲು ಇಷ್ಟು ಪಾಡು ಯಾಕೆ ಬೇಕಿತ್ತು?

ಈಗ ಬೇರೆ ಗ್ರಹಗಳ ಮಾತು. ಮಂಗಳದ ಗುರುತ್ವ ಭೂಮಿಯದರ ಶೇ. 38ರಷ್ಟು. ಅಷ್ಟೇ ಎಳೆತವಿರುವ ಗ್ರಹದ ನೆಲದ ಮೇಲೆ ದೊಡ್ಡ ಪ್ರಾಣಿಗಳು ವಿಕಾಸವಾದರೆ ಕಾಲು ಸಪೂರವಾಗಿರಬಹುದು, ಆನೆ ಗಾತ್ರದ್ದೂ ನೆಗೆಯಬಹುದು. ಗುರುವಿನ ಉಪಗ್ರಹ ಯುರೋಪಾದಲ್ಲಿ ಎಳೆತ ಇನ್ನೂ ಕಡಿಮೆ, ನಮ್ಮ ಏಳನೇ ಒಂದು ಭಾಗವೂ ಇಲ್ಲ. ಆದರೆ ಅಲ್ಲಿ ಮಂಜುಗಡ್ಡೆಯ ಕೆಳಗೆ ಸಾಗರವಿದೆ ಎಂಬುದಕ್ಕೆ ಬಲವಾದ ಸುಳಿವುಗಳಿವೆ. ಅಂಥ ಸಾಗರದಲ್ಲಿ ಈಜುವ ಜೀವಿ ಇದ್ದರೆ ಅದರ ಮೈಕಟ್ಟಿನಲ್ಲಿ ಕಡಿಮೆ ಗುರುತ್ವದ ಗುರುತನ್ನು ನಾನು ಹುಡುಕುವುದಿಲ್ಲ. ವೇಗವಾಗಿ ಈಜುವುದಾದರೆ, ನೀರನ್ನು ಸೀಳಲು ಎರಡೂ ತುದಿ ಸಪೂರವಾದ ಮೈಯೇ ಅದಕ್ಕೂ ಬೇಕಾಗುತ್ತದೆ, ನಮ್ಮ ಕಡಲಿನ ಮೀನು, ಡಾಲ್ಫಿನ್‌ಗಳಿಗೆ ಇರುವಂಥದ್ದೇ.