ಗುಂಡಿಲ್ಲದ ಬಂದೂಕಿಗೆ ಕಣ್ಣು ಎಲ್ಲಿರುತ್ತೆ?

ಹೋದ ಸಲ ಊರಿಗೆ ಹೋದಾಗ ಚಿಕ್ಕಪ್ಪನ ಮನೇಲಿ ಒಂದು ತಮಾಷೆ ಆಯ್ತು. ಅವರ ಮನೇಲಿ ಒಂದು ಹಳೇ ನಿಂಟೆಂಡೊ ವೀ ಇದೆ, ಟಿವಿಗೆ ಸಿಕ್ಕಿಸಿ ಆಡೋ ಗೇಮ್ ಮೆಷಿನ್, ಅಮೆರಿಕದಲ್ಲಿದ್ದ ಕಸಿನ್ ವಾಪಸ್ ಬರುವಾಗ ತಂದು ಇಲ್ಲೇ ಬಿಟ್ಟು ಹೋಗಿದ್ದು. ಅದರ ಜೊತೆ ಬಂದೂಕಿನ ಆಕಾರದ ಬಿಳಿ ಪ್ಲಾಸ್ಟಿಕ್ ಚಿಪ್ಪು ಇದೆ, ರಿಮೋಟನ್ನ ಅದರೊಳಗೆ ತುರುಕಿದ್ರೆ ಗನ್ ರೆಡಿ. ಮಕ್ಕಳು ಹೌಸ್ ಆಫ್ ದಿ ಡೆಡ್ ಅನ್ನೋ ಗೇಮ್ ಹಾಕ್ಕೊಂಡು ಝಾಂಬಿಗಳನ್ನ ಉಡಾಯಿಸ್ತಾ ಕೂತಿದ್ರು, ಅಷ್ಟೊತ್ತಿಗೆ ಚಿಕ್ಕಪ್ಪನ ಫ್ರೆಂಡ್ ಬಂದ್ರು. ಅವರು ಕೊಡಗಿನವರು, ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ಇರುತ್ತಲ್ಲ, ಅದರಲ್ಲಿ ಹೆಸರು ಮಾಡಿದ ಕೈ. "ಕೊಡಿ ಇಲ್ಲಿ" ಅಂತ ಗನ್ ಇಸ್ಕೊಂಡು, ಹಿಡಿಯನ್ನ ಭುಜಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿ, ನಳಿಗೆ ಮೇಲಿಂದ ಗುರಿ ನೋಡಿ ಹೊಡೆದ್ರು. ಒಂದೂ ತಾಗ್ಲಿಲ್ಲ! ಪಕ್ಕದಲ್ಲಿ ಎಂಟು ವರ್ಷದ ಹುಡುಗಿ ಗನ್ನನ್ನ ತೊಡೆ ಮೇಲೆ ಇಟ್ಕೊಂಡೇ, ಚಿಪ್ಸ್ ತಿನ್ಕೊಂಡೇ, ಎಲ್ಲಾ ಹೊಡೆದು ಹಾಕಿದ್ಲು. ಪಾಪ ಅವರ ಮುಖ ನೋಡೋಕಾಗ್ಲಿಲ್ಲ.

ತಪ್ಪು ಅವರ ಕೈದಲ್ಲ. ಅವರು ಗುರಿ ಇಡ್ತಾ ಇದ್ರು, ಹುಡುಗಿ ಬರೀ ತೋರಿಸ್ತಾ ಇದ್ಲು, ಇವೆರಡೂ ಬೇರೆ ಬೇರೆ ಕೆಲಸ. ಯಾಕೆ ಬೇರೆ ಅಂತ ಗೊತ್ತಾಗ್ಬೇಕಂದ್ರೆ ಮೊದಲು ಒಂದು ವಿಷಯ ಒಪ್ಕೋಬೇಕು, ಆಟದ ಬಂದೂಕು ಏನನ್ನೂ ಹೊಡೆಯಲ್ಲ, ಅದು ನೋಡುತ್ತೆ ಅಷ್ಟೆ. ಪ್ರಶ್ನೆ ಇರೋದು ನೋಡೋ ಕಣ್ಣು ಎಲ್ಲಿದೆ ಅನ್ನೋದ್ರಲ್ಲಿ.

ಶುರುವಲ್ಲಿ ಆ ಕಣ್ಣು ಬಾತುಕೋಳಿ ಹತ್ರ ಇತ್ತು. 1936ರಲ್ಲಿ ಅಮೆರಿಕದ ಸೀಬರ್ಗ್ ಕಂಪನಿ ರೇ-ಓ-ಲೈಟ್ ಅಂತ ಒಂದು ಮೆಷಿನ್ ತಂದಿತ್ತು, ಅದರಲ್ಲಿ ಬಂದೂಕಿಂದ ನಿಜವಾಗ್ಲೂ ಬೆಳಕು ಹೊರಗೆ ಬರ್ತಿತ್ತು, ಓಡಾಡೋ ಬಾತುಕೋಳಿ ಗೊಂಬೆಗೆ ಬೆಳಕು ಗ್ರಹಿಸೋ ಟ್ಯೂಬ್ ಇರ್ತಿತ್ತು, ಬೆಳಕು ಬಿದ್ರೆ ಏಟು ಬಿತ್ತು ಅಂತ ಲೆಕ್ಕ. 1970ರಲ್ಲಿ ನಿಂಟೆಂಡೊದವರು ಜಪಾನಲ್ಲಿ ಮಾರಿದ ಬೀಮ್ ಗನ್ ಕೂಡ ಇದೇ ಜಾತಿ. ಅದರ ಕಥೆ ಚೆನ್ನಾಗಿದೆ, ಶಾರ್ಪ್ ಕಂಪನಿಯಿಂದ ಮಸಾಯುಕಿ ಉಎಮುರಾ ಅನ್ನೋರು ಸೋಲಾರ್ ಸೆಲ್ ಮಾರೋಕೆ ನಿಂಟೆಂಡೊಗೆ ಬಂದ್ರು, ಅಲ್ಲಿದ್ದ ಗುನ್ಪೆ ಯೊಕೊಯಿ ಆ ಸೆಲ್‌ನ ಆಟಿಕೆ ಗುರಿಯೊಳಗೆ ಕೂರಿಸಿದ್ರೆ ಹೇಗೆ ಅಂತ ಯೋಚಿಸಿದ್ರು. ಉಎಮುರಾ ಆಮೇಲೆ ನಿಂಟೆಂಡೊನೇ ಸೇರ್ಕೊಂಡು ಫ್ಯಾಮಿಕಾಮ್ ಅನ್ನೋ ಗೇಮ್ ಮೆಷಿನ್ ಡಿಸೈನ್ ಮಾಡಿದ್ರು.

ಆ ಫ್ಯಾಮಿಕಾಮ್‌ನ ಕಾಪಿಗಳನ್ನೇ ನಾವು 90ರ ದಶಕದಲ್ಲಿ 'ವಿಡಿಯೋ ಗೇಮ್' ಅಂತ ಕರೀತಿದ್ದಿದ್ದು. 9999 ಇನ್ 1 ಅಂತ ಬರೆದಿರೋ ಕ್ಯಾಸೆಟ್ಟು, ಅದರಲ್ಲಿ ನಿಜಕ್ಕೂ ಇರೋದು ಬೆರಳೆಣಿಕೆ ಗೇಮು, ಜೊತೆಗೆ ಒಂದು ಪ್ಲಾಸ್ಟಿಕ್ ಗನ್ನು. ಬಾತುಕೋಳಿ ಹೊಡೆಯೋ ಡಕ್ ಹಂಟ್ ಆಡ್ದೇ ಇರೋರು ನಮ್ಮ ವಯಸ್ಸಲ್ಲಿ ಕಮ್ಮಿ. ತಪ್ಪಿದ್ರೆ ಹುಲ್ಲಿಂದ ಎದ್ದು ಕಿಸಕ್ಕಂತ ನಗೋ ನಾಯಿ ಮೇಲಿನ ಸಿಟ್ಟು ಇನ್ನೂ ಇದೆ ನನಗೆ.

1984ರ ಈ ಆಟದಲ್ಲಿ ಟಿವಿ ಒಳಗಿನ ಬಾತುಕೋಳಿಗೆ ಸೋಲಾರ್ ಸೆಲ್ ಅಂಟಿಸೋಕೆ ಆಗಲ್ವಲ್ಲ, ಹಾಗಾಗಿ ಕಣ್ಣನ್ನ ಗನ್ನಿಗೆ ಕೊಟ್ರು. ನಳಿಗೆಯೊಳಗೆ ಒಂದು ಲೆನ್ಸು, ಅದರ ಹಿಂದೆ ಬೆಳಕು ಕಂಡ್ರೆ ಎಚ್ಚರ ಆಗೋ ಪುಟ್ಟ ಸೆನ್ಸರ್, ಮುಗೀತು. ಟ್ರಿಗರ್ ಒತ್ತಿದ ತಕ್ಷಣ ಗೇಮು ಇಡೀ ಸ್ಕ್ರೀನನ್ನ ಕಪ್ಪು ಮಾಡುತ್ತೆ, ಮುಂದಿನ ಫ್ರೇಮಲ್ಲಿ, ಅಂದ್ರೆ ಟಿವಿ ತೋರಿಸೋ ಮುಂದಿನ ಚಿತ್ರದಲ್ಲಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳೀ ಚೌಕ ತೋರಿಸುತ್ತೆ. ಗನ್ನಿಗೆ ಮೊದಲು ಕತ್ತಲೆ ಆಮೇಲೆ ಬೆಳಕು ಕಂಡ್ರೆ ಹಕ್ಕಿ ಸತ್ತಂಗೆ. ಎರಡು ಹಕ್ಕಿ ಇದ್ರೆ ಮೊದಲನೇದರ ಚೌಕ ಒಂದು ಫ್ರೇಮಲ್ಲಿ, ಎರಡನೇದು ಅದರ ಮುಂದಿನ ಫ್ರೇಮಲ್ಲಿ, ಯಾವಾಗ ಬೆಳಕು ಕಾಣ್ತು ಅನ್ನೋದ್ರ ಮೇಲೆ ಯಾವ ಹಕ್ಕಿ ಅಂತ ಗೊತ್ತಾಗುತ್ತೆ. ಇದೆಲ್ಲಾ ಕಣ್ಣು ಮಿಟುಕಿಸೋದ್ರೊಳಗೆ, ನಮಗೆ ಕಾಣೋದು ಒಂದು ಮಿಂಚು ಅಷ್ಟೆ. ಗನ್ನಿನ ಮೂತಿನ ಟಿವಿಗೆ ಅಂಟಿಸಿಟ್ಟು ಹೊಡೀತಿದ್ವಲ್ಲ, ಅದು ಮೋಸ ಅಂತ ಅಣ್ಣ ಬೈತಿದ್ದ, ಆದ್ರೆ ಗನ್ನಿನ ಲೆಕ್ಕದಲ್ಲಿ ಅದು ಮೋಸ ಅಲ್ಲ, ಬಿಳೀ ಚೌಕ ಅದರ ಕಣ್ಣ ತುಂಬಾ ಕಾಣ್ತಿತ್ತು ಅಷ್ಟೆ.

ಆಮೇಲೆ ಬಂದಿದ್ದು ಇನ್ನೂ ಬುದ್ಧಿವಂತ ಉಪಾಯ. ದಪ್ಪ ಡಬ್ಬ ಟಿವಿಯಲ್ಲಿ ಚಿತ್ರ ಒಟ್ಟಿಗೆ ಮೂಡಲ್ಲ, ಒಂದು ಎಲೆಕ್ಟ್ರಾನ್ ಕಿರಣ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಗೆರೆ ಗೆರೆಯಾಗಿ ರಂಗೋಲಿ ಎಳೀತಾ ಹೋಗುತ್ತೆ. ನಮ್ಮ ದೇಶದ ಹಳೇ ಟಿವಿಗಳ ಪಾಲ್ (PAL) ಪದ್ಧತಿಯಲ್ಲಿ 625 ಗೆರೆ, ಒಂದೊಂದು ಗೆರೆಗೆ 64 ಮೈಕ್ರೋಸೆಕೆಂಡ್. ಗನ್ನು ತನ್ನ ಎದುರಿನ ಚುಕ್ಕಿ ಬೆಳಗಿದ್ದು ಯಾವ ಕ್ಷಣದಲ್ಲಿ ಅಂತ ಹೇಳಿದ್ರೆ ಸಾಕು, ಆ ಕ್ಷಣದಲ್ಲಿ ಕಿರಣ ಎಲ್ಲಿತ್ತು ಅನ್ನೋದು ಲೆಕ್ಕಕ್ಕೆ ಸಿಗುತ್ತೆ. ನಾಮ್ಕೋ ಕಂಪನಿಯವರು ಸೋನಿಯ ಗೇಮ್ ಮೆಷಿನ್ ಪ್ಲೇಸ್ಟೇಷನ್‌ಗೆ ಟೈಮ್ ಕ್ರೈಸಿಸ್ ಅನ್ನೋ ಗೇಮ್ ಜೊತೆ ಕೊಟ್ಟ ಗನ್‌ಕಾನ್ ಗನ್ನು ಹೀಗೇ ಕೆಲಸ ಮಾಡ್ತಿತ್ತು, ಅದಕ್ಕೇ ಅದರ ಒಂದು ವೈರನ್ನ ವಿಡಿಯೋ ಕೇಬಲ್‌ಗೂ ಸಿಕ್ಕಿಸ್ಬೇಕಿತ್ತು, ಕಿರಣ ಯಾವಾಗ ಹೊರಡ್ತು ಅಂತ ಅದಕ್ಕೆ ಗೊತ್ತಾಗ್ಬೇಕಲ್ಲ. ಗಡಿಯಾರ ನೋಡಿ ಜಾಗ ಕಂಡುಹಿಡಿಯೋದು ಅಂದ್ರೆ ಸುಮ್ನೆನಾ! ನನಗೆ ಈ ಇಡೀ ಇತಿಹಾಸದಲ್ಲಿ ಅತೀ ಇಷ್ಟವಾದ ಐಡಿಯಾ ಇದೇ.

ಎಲ್‌ಸಿಡಿ ಟಿವಿ ಬಂದು ಇದನ್ನೆಲ್ಲಾ ಕೊಂದು ಹಾಕ್ತು. ಅಲ್ಲಿ ಓಡಾಡೋ ಕಿರಣನೇ ಇಲ್ಲ, ಮೇಲಾಗಿ ಬಂದ ಚಿತ್ರವನ್ನ ಹಿಗ್ಗಿಸಿ ತಿದ್ದಿ ತೀಡಿ ತೋರಿಸೋಕೆ ಟಿವಿ ಸ್ವಲ್ಪ ಟೈಮ್ ತಗೊಳ್ಳುತ್ತೆ. ಗೇಮು ಈ ಕ್ಷಣ ಬೆಳಕು ಕಾಣ್ತಾ ಅಂತ ಕೇಳ್ತಾ ಇರುತ್ತೆ, ಟಿವಿ ಇನ್ನೂ ಹಿಂದಿನ ಫ್ರೇಮ್ ತೋರಿಸ್ತಾ ಇರುತ್ತೆ. ಅಟ್ಟದಲ್ಲಿರೋ ಹಳೇ ಗನ್ನನ್ನ ತಂದು ಹೊಸ ಟಿವಿ ಮುಂದೆ ಒತ್ತಿದ್ರೆ ನಾಯಿ ನಗೋದೊಂದೇ ಬಾಕಿ.

2006ರಲ್ಲಿ ವೀ ಬಂತು, ಮಜಾ ಮತ್ತೆ ಶುರುವಾಯ್ತು. ಟಿವಿ ಮೇಲೆ ಇಡೋ ಕಪ್ಪು ಪಟ್ಟಿಗೆ ಎಲ್ಲರೂ ಸೆನ್ಸರ್ ಬಾರ್ ಅಂತಾರೆ, ಇದು ಶುದ್ಧ ಸುಳ್ಳು ಹೆಸರು. ಅದು ಏನನ್ನೂ ಸೆನ್ಸ್ ಮಾಡಲ್ಲ. ಎರಡೂ ತುದೀಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಎಲ್‌ಇಡಿಗಳು ಉರೀತಾ ಇರ್ತವೆ, ಅಷ್ಟೇ ಅದರ ಕೆಲಸ. ಕ್ಯಾಮೆರಾ ಇರೋದು ರಿಮೋಟಿನ ಮೂಗಲ್ಲಿ. ಆ ಕ್ಯಾಮೆರಾ ಚಿತ್ರ ಕಳಿಸಲ್ಲ, ತನಗೆ ಕಾಣೋ ಹೆಚ್ಚು ಹೊಳೆಯೋ ಚುಕ್ಕಿಗಳು, ಗರಿಷ್ಠ ನಾಲ್ಕು, ಎಲ್ಲೆಲ್ಲಿವೆ ಅಂತ ಮಾತ್ರ ಸೆಕೆಂಡಿಗೆ ನೂರು ಸಲ ಹೇಳ್ತಾ ಇರುತ್ತೆ. ಚುಕ್ಕಿಗಳು ಎಡಕ್ಕೆ ಸರಿದ್ರೆ ಕೈ ಬಲಕ್ಕೆ ತಿರುಗ್ತು ಅಂತ ಅರ್ಥ.

ಇದನ್ನ ನಾನು ಕಣ್ಣಾರೆ ನೋಡಿದ್ದು ಇಲಿಯಿಂದಾಗಿ. ಅದೇ ಚಿಕ್ಕಪ್ಪನ ಮನೇಲಿ ಸೆನ್ಸರ್ ಬಾರ್ ವೈರನ್ನ ಇಲಿ ಕಡಿದು ಹಾಕಿತ್ತು, ಮಕ್ಕಳು ಅಳು ಮುಖ ಮಾಡ್ಕೊಂಡು ಕೂತಿದ್ವು. ದೇವರ ಮನೆಯಿಂದ ಎರಡು ಮೇಣದಬತ್ತಿ ತಂದು, ಟಿವಿ ಕೆಳಗೆ ಒಂದು ಗೇಣು ಅಂತರದಲ್ಲಿ ಹಚ್ಚಿಟ್ಟೆ. ಸ್ಕ್ರೀನ್ ಮೇಲೆ ಗುರಿ ತೋರಿಸೋ ಕರ್ಸರ್ ಬಂತು! ಉರಿಯೋ ಜ್ವಾಲೆ ಬೆಳಕಿನ ಜೊತೆ ಬೇಕಾದಷ್ಟು ಇನ್‌ಫ್ರಾರೆಡ್ ಕೂಡ ಚೆಲ್ಲುತ್ತೆ, ರಿಮೋಟಿಗೆ ಎರಡು ಚುಕ್ಕಿ ಸಿಕ್ರೆ ಸಾಕು, ಅದು ಬಾರೋ ಬತ್ತಿನೋ ಅದಕ್ಕೇನು ಗೊತ್ತು. ಅಷ್ಟರಲ್ಲಿ ಯಾರೋ ಫ್ಯಾನ್ ಹಾಕಿದ್ರು, ಜ್ವಾಲೆ ಅಲ್ಲಾಡ್ತು, ಸ್ಕ್ರೀನಲ್ಲಿ ಕರ್ಸರ್ ಚಳಿಜ್ವರ ಬಂದೋರ ತರ ನಡುಗೋಕೆ ಶುರುವಾಯ್ತು. ಗನ್ ಹಿಡಿದ ಹುಡುಗ ಕೈನ ಕಲ್ಲಿನ ತರ ಇಟ್ಕೊಂಡಿದ್ದ, ನಡುಗ್ತಾ ಇದ್ದಿದ್ದು ಕೈ ಅಲ್ಲ, ದೀಪ. ಸಂಜೆ ಪಶ್ಚಿಮದ ಕಿಟಕಿಯಿಂದ ಬಿಸಿಲು ಟಿವಿ ಹತ್ರ ಬಿದ್ರೂ ಇದೇ ಕಥೆ, ಸೂರ್ಯನಿಗಿಂತ ದೊಡ್ಡ ಇನ್‌ಫ್ರಾರೆಡ್ ದೀಪ ಎಲ್ಲಿದೆ, ಪರದೆ ಎಳೀರಿ ಸರಿಹೋಗುತ್ತೆ. (ಮನೇಲಿ ಮೇಣದಬತ್ತಿ ಪ್ರಯೋಗ ಮಾಡೋರು ಟಿವಿಯಿಂದ ದೂರ ಇಡಿ, ಟಿವಿ ಪ್ಲಾಸ್ಟಿಕ್ ಕರಗಿಸ್ಕೊಂಡು ನನ್ನನ್ನ ಬೈಬೇಡಿ.)

ಈಗ ಕೊಡಗಿನವರ ವಿಷಯಕ್ಕೆ ಬರೋಣ. ವೀಗೆ ಎರಡು ಚುಕ್ಕಿ ಕಾಣುತ್ತೆ, ಸರಿ, ಆದ್ರೆ ನಿಮ್ಮ ಟಿವಿ 21 ಇಂಚಾ 50 ಇಂಚಾ ಅಂತ ಅದಕ್ಕೆ ಗೊತ್ತಿಲ್ಲ. ಮಣಿಕಟ್ಟನ್ನ ಇಷ್ಟು ತಿರುಗಿಸಿದ್ರೆ ಕರ್ಸರ್ ಇಷ್ಟು ಓಡ್ಬೇಕು ಅನ್ನೋ ಒಂದೇ ಲೆಕ್ಕ, ಟಿವಿ ಎಷ್ಟೇ ದೊಡ್ಡದಿರ್ಲಿ. ಹಾಗಾಗಿ ನಳಿಗೆ ನಿಜವಾಗಿ ತೋರಿಸ್ತಾ ಇರೋ ಜಾಗ ಒಂದು, ಕರ್ಸರ್ ಇರೋ ಜಾಗ ಇನ್ನೊಂದು. ಹುಡುಗಿ ನಳಿಗೆ ಕಡೆ ನೋಡ್ಲೇ ಇಲ್ಲ, ಕರ್ಸರನ್ನ ಮೌಸ್ ತರ ಓಡಿಸಿದ್ಲು, ಇವರು ಕರ್ಸರನ್ನ ಲೆಕ್ಕಕ್ಕೇ ತಗೊಳ್ದೆ ನಳಿಗೆನ ನಂಬಿದ್ರು. ಕೆಲವು ಗೇಮಲ್ಲಿ ಕ್ಯಾಲಿಬ್ರೇಶನ್ ಮಾಡಿ ಎರಡನ್ನೂ ಹೊಂದಿಸ್ಬಹುದು, ಆದ್ರೆ ನಿಂತ ಜಾಗದಿಂದ ಎರಡು ಹೆಜ್ಜೆ ಸರಿದ್ರೆ ಮತ್ತೆ ಕೆಡುತ್ತೆ. ಯಾಕಂದ್ರೆ ಎರಡೇ ಚುಕ್ಕಿಯಿಂದ ಎಲ್ಲಾ ಗೊತ್ತಾಗಲ್ಲ. ಹಿಂದಕ್ಕೆ ಹೋದ್ರೂ ಚುಕ್ಕಿಗಳು ಒಂದಕ್ಕೊಂದು ಹತ್ರ ಬಂದಂಗೆ ಕಾಣ್ತವೆ, ಸೋಫಾದ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದ್ರೂ ಹತ್ರ ಬಂದಂಗೆ ಕಾಣ್ತವೆ.

2010ರಲ್ಲಿ ಸೋನಿ ತನ್ನ ಪ್ಲೇಸ್ಟೇಷನ್‌ಗೆ ಮೂವ್ ಅನ್ನೋ ಕಂಟ್ರೋಲರ್ ತಂದಾಗ ಕಣ್ಣು ಮತ್ತೆ ಟಿವಿ ಕಡೆಗೆ ಹೋಯ್ತು. ಕ್ಯಾಮೆರಾ ಟಿವಿ ಹತ್ರ, ಕೈಯಲ್ಲಿರೋ ಕೋಲಿನ ತುದೀಲಿ ಐಸ್‌ಕ್ರೀಮ್ ಗುಂಡಿನ ತರ ಹೊಳೆಯೋ ಚೆಂಡು. ಚೆಂಡೇ ಯಾಕೆ ಅಂದ್ರೆ, ಅದನ್ನ ಹೇಗೆ ತಿರುಗಿಸಿದ್ರೂ ದುಂಡಗೇ ಕಾಣುತ್ತೆ, ಅದರ ನಿಜವಾದ ಗಾತ್ರ ಗೊತ್ತಿರೋದ್ರಿಂದ ಚಿಕ್ಕದಾಗಿ ಕಂಡ್ರೆ ದೂರ, ದೊಡ್ಡದಾಗಿ ಕಂಡ್ರೆ ಹತ್ರ. ರೂಮಲ್ಲಿ ಇಲ್ಲದ ಬಣ್ಣ ನೋಡ್ಕೊಂಡು ಚೆಂಡಿನ ಬಣ್ಣ ಬದಲಾಗುತ್ತೆ, ಗೋಡೆ ಮೇಲಿನ ಕೆಂಪು ಕ್ಯಾಲೆಂಡರ್ ಜೊತೆ ಗೊಂದಲ ಆಗ್ಬಾರದಲ್ಲ. ತೊಂದರೆ ಏನಂದ್ರೆ ದುಂಡಗಿರೋದು ಯಾವ ಕಡೆ ಮುಖ ಮಾಡಿದೆ ಅಂತ ನೋಡಿ ಹೇಳೋಕಾಗಲ್ಲ, ಅದನ್ನ ಕೋಲಿನೊಳಗಿನ ಜೈರೋಸ್ಕೋಪು ಹೇಳ್ಬೇಕು.

ಈ ಜೈರೋಸ್ಕೋಪು ಕಣ್ಣಲ್ಲ, ನಮ್ಮ ಒಳಕಿವಿ ತರ. ಕಣ್ಣು ಮುಚ್ಕೊಂಡು ಕುರ್ಚಿಯಲ್ಲಿ ಗಿರಗಿರ ತಿರುಗಿದ್ರೆ ತಿರುಗ್ತಿದೀವಿ ಅಂತ ಗೊತ್ತಾಗುತ್ತಲ್ಲ, ಆದ್ರೆ ನಿಂತಾಗ ಬಾಗಿಲು ಯಾವ ಕಡೆ ಇದೆ ಅಂತ ಗೊತ್ತಾಗಲ್ಲ, ಹಾಗೆ. ಎಷ್ಟು ಜೋರಾಗಿ ತಿರುಗ್ತಿದೀನಿ ಅಂತ ಮಾತ್ರ ಅದು ಹೇಳುತ್ತೆ, ಅದನ್ನ ಕೂಡಿಸ್ತಾ ಕೂಡಿಸ್ತಾ ಎಷ್ಟು ತಿರುಗಿದೆ ಅಂತ ಲೆಕ್ಕ ಹಾಕ್ಬೇಕು, ಅದರ ಜೊತೆಗೆ ತಪ್ಪೂ ಕೂಡ್ತಾ ಹೋಗುತ್ತೆ. ಸೆಕೆಂಡಿಗೆ 0.1 ಡಿಗ್ರಿ ತಪ್ಪು ಇದೆ ಅಂದ್ಕೊಳ್ಳಿ, ಏನೂ ಅಲ್ಲ ಅನ್ಸುತ್ತೆ, ಆದ್ರೆ ಒಂದು ನಿಮಿಷಕ್ಕೆ 6 ಡಿಗ್ರಿ ಆಯ್ತು, ಎರಡೂವರೆ ಮೀಟರ್ ದೂರದ ಟಿವಿ ಮೇಲೆ ಅದು ಸುಮಾರು 26 ಸೆಂಟಿಮೀಟರ್, ಝಾಂಬಿ ತಲೆಗೆ ಇಟ್ಟಿದ್ದು ಪಕ್ಕದ ಕಂಬಕ್ಕೆ! ಮೂವ್‌ನಲ್ಲಿ ಇದನ್ನ ತಿದ್ದೋಕೆ ದಿಕ್ಸೂಚಿ ತರದ ಕಾಂತ ಸೆನ್ಸರ್ ಇದೆ. ವೀ ಆದಮೇಲೆ ಬಂದ ನಿಂಟೆಂಡೊ ಸ್ವಿಚ್‌ನ ಕಂಟ್ರೋಲರ್ ಜಾಯ್-ಕಾನ್‌ನಲ್ಲಿ ಅದೂ ಇಲ್ಲ, 2022ರ ಹೌಸ್ ಆಫ್ ದಿ ಡೆಡ್ ರಿಮೇಕ್‌ನ ಅದರಲ್ಲಿ ಆಡಿದ್ರೆ ಗುರಿ ಇಡೋದು ಪೂರ್ತಿ ಒಳಕಿವಿ ಭರವಸೆ ಮೇಲೆ. ತಮಾಷೆ ಏನಂದ್ರೆ ಮೇಲೆ ಕೆಳಗೆ ಗುರಿ ಅಷ್ಟಾಗಿ ಕೆಡಲ್ಲ, ಜಾರೋದು ಎಡಕ್ಕೆ ಬಲಕ್ಕೆ, ಯಾಕಂದ್ರೆ ಭೂಮಿಯ ಸೆಳೆತ 'ಕೆಳಗೆ' ಯಾವ ಕಡೆ ಅಂತ ಯಾವಾಗ್ಲೂ ಹೇಳ್ತಾ ಇರುತ್ತೆ, ಪೂರ್ವ ಯಾವುದು ಪಶ್ಚಿಮ ಯಾವುದು ಅಂತ ಹೇಳಲ್ಲ. ಅದಕ್ಕೇ ಆಗಾಗ ಟಿವಿ ಮಧ್ಯಕ್ಕೆ ಹಿಡಿದು ಬಟನ್ ಒತ್ತಿ, ಇದೇ ಮಧ್ಯ ಕಣಪ್ಪ ಅಂತ ನೆನಪು ಮಾಡ್ತಾ ಇರ್ಬೇಕು. ಆಟದ ಜೋಶಲ್ಲಿ ಇದು ಕಿರಿಕಿರಿನೇ.

ನಿಜವಾದ ಗುರಿ ಬೇಕು ಅನ್ನೋರು ಈಗ ನಾಲ್ಕು ಚುಕ್ಕಿ ಹಿಡ್ಕೊಂಡಿದಾರೆ. ಟಿವಿ ಸುತ್ತ ನಾಲ್ಕು ಇನ್‌ಫ್ರಾರೆಡ್ ದೀಪ ಅಂಟಿಸಿದ್ರೆ, ಪಕ್ಕಕ್ಕೆ ಸರಿದಾಗ ಚೌಕ ಓರೆಯಾಗಿ ಒಂದು ಕಡೆ ಕುಗ್ಗುತ್ತೆ, ಹಿಂದೆ ಹೋದ್ರೆ ಇಡೀ ಚೌಕ ಸಣ್ಣದಾಗುತ್ತೆ, ಎರಡಕ್ಕೂ ವ್ಯತ್ಯಾಸ ಗೊತ್ತಾಗುತ್ತೆ. ಗನ್‌ಫಾರ್‌ಐಆರ್ ಅಂತ ಮನೇಲೇ ಜೋಡಿಸ್ಕೊಳ್ಳೋ ಪದ್ಧತಿ ಹೀಗಿದೆ. ಸಿಂಡೆನ್ ಗನ್ನು ದೀಪನೂ ಬೇಡ ಅನ್ನುತ್ತೆ, ನಳಿಗೆಯೊಳಗೆ ಮಾಮೂಲಿ ಕ್ಯಾಮೆರಾ, ಗೇಮಿನ ಸುತ್ತ ಒಂದು ಬಿಳೀ ಚೌಕಟ್ಟು ತೋರಿಸಿದ್ರೆ ಸಾಕು. ಎಲ್‌ಸಿಡಿ ಟಿವಿ ತಡ ಮಾಡಿದ್ರೂ ಚೌಕಟ್ಟು ಅಲ್ಲೇ ಇರುತ್ತಲ್ಲ, ಕ್ಷಣದ ಲೆಕ್ಕದ ಜಂಜಾಟ ಇಲ್ಲ. ಬಾತುಕೋಳಿ ಹಿಂದಿದ್ದ ಬಿಳೀ ಚೌಕ ಈಗ ಸ್ಕ್ರೀನಿನ ಅಂಚಿಗೆ ಬಂದು ಕೂತಿದೆ.

ಬೆಂಗಳೂರಲ್ಲಿ ನನ್ನ ಫ್ರೆಂಡ್ ಒಬ್ಬನ ಹತ್ರ ಅಂಥದ್ದೊಂದಿದೆ, ಹೊಡೆದಾಗ ಹಿಂದಕ್ಕೆ ಒದೆಯೋ ರಿಕಾಯಿಲ್ ಇಲ್ಲದ ಮಾಡೆಲ್ಲು. ಕೊಡಗಿನವರು ಯಾವುದೋ ಮದುವೆಗೆ ಬಂದಾಗ ಎಳ್ಕೊಂಡು ಹೋಗಿ ಕೈಗೆ ಕೊಟ್ವಿ, ಸ್ಕ್ರೀನಲ್ಲಿ ಕರ್ಸರ್ ಇರ್ಲಿಲ್ಲ. ಭುಜಕ್ಕೆ ಒತ್ಕೊಂಡ್ರು, ಒಂದು ಕಣ್ಣು ಮುಚ್ಚಿದ್ರು, ಉಸಿರು ಹಿಡಿದ್ರು, ಮೂರಕ್ಕೆ ಮೂರೂ ತಲೆಗೇ. ನಾವೆಲ್ಲಾ ಚಪ್ಪಾಳೆ ಹೊಡೆದ್ರೆ ಅವರು ಗನ್ನನ್ನ ಮೇಲೆ ಕೆಳಗೆ ತಿರುಗಿಸಿ ನೋಡಿ, "ಭುಜಕ್ಕೆ ಒದೆಯೋದೇ ಇಲ್ವಲ್ರೀ ಇದು, ತೆಂಗಿನಕಾಯಿ ಆಗಿದ್ರೆ ನೀರಾದ್ರೂ ಚೆಲ್ಲೋದು" ಅಂತ ವಾಪಸ್ ಕೊಟ್ಟು ಕಾಫಿ ಕೇಳಿದ್ರು.