ಟೊಮೇಟೊ ಬುಡ ಕಪ್ಪಾದರೆ

ತೀರ್ಥಹಳ್ಳಿ ಕಡೆಯ ನಮ್ಮ ಹಿತ್ತಲಲ್ಲಿ ಟೊಮೇಟೊ ಗಿಡದ ಮೊದಲ ಗೊಂಚಲು ದಪ್ಪಗಾಗಿತ್ತು. ಮೇಲಿನಿಂದ ನೋಡಿದರೆ ಚೆಂದದ ಕಾಯಿ. ಎತ್ತಿ ತಿರುಗಿಸಿದೆ. ಬುಡದಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಕಲೆ. ಒಳಕ್ಕೆ ತಗ್ಗಿತ್ತು, ಮುಟ್ಟಿದರೆ ಹಳೇ ಚರ್ಮದ ಹಾಗಿತ್ತು. ಹುಳವಿಲ್ಲ, ವಾಸನೆಯಿಲ್ಲ.

ನಮ್ಮ ಕಡೆ ಕಪ್ಪು ಕಲೆ ಅಂದ ಕೂಡಲೇ ಅಡಿಕೆಯ ಕೊಳೆರೋಗ ನೆನಪಾಗುತ್ತದೆ, ಮೈಲುತುತ್ತ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣಕ್ಕೆ ಕೈ ಹೋಗುತ್ತದೆ. ಇಲ್ಲಿ ಅದು ಬೇಡ. ಇದಕ್ಕೆ ಶಿಲೀಂಧ್ರ ಕಾರಣವೇ ಅಲ್ಲ. ಬೆಳೆಯುವ ಕಾಯಿಗೆ ಕ್ಯಾಲ್ಸಿಯಂ ಸಾಲದೆ ಬುಡದ ಜೀವಕೋಶಗಳು ಕುಸಿದಿವೆ, ಅಷ್ಟೇ.

ಕ್ಯಾಲ್ಸಿಯಂ ಬೇರಿನಿಂದ ನೀರಿನ ಜೊತೆಗೇ ಮೇಲೇರಬೇಕು. ಎಲೆ ಸದಾ ಆವಿ ಬಿಡುತ್ತದೆ, ಹಾಗಾಗಿ ನೀರನ್ನು ಜೋರಾಗಿ ಎಳೆದುಕೊಳ್ಳುತ್ತದೆ. ಕಾಯಿಗೆ ಮೇಣದಂಥ ಸಿಪ್ಪೆ. ಅದು ಆವಿ ಬಿಡುವುದು ಕಡಿಮೆ, ಅದರ ಪಾಲಿಗೆ ಬರುವ ಕ್ಯಾಲ್ಸಿಯಮ್ಮೂ ಕಡಿಮೆ. ತೊಟ್ಟಿನಿಂದ ದೂರ ಇರುವ ಬುಡಕ್ಕೆ ಎಲ್ಲಕ್ಕಿಂತ ಕೊನೆಯ ಪಾಲು. ಒಮ್ಮೆ ಎಲೆ ಸೇರಿದ್ದು ವಾಪಸ್ ಕಾಯಿಗೆ ಬರುವುದಿಲ್ಲ. ಹಾಗಾಗಿ ಎಲೆಗೆ ಕ್ಯಾಲ್ಸಿಯಂ ಸಿಂಪಡಿಸಿ ಜಾಸ್ತಿ ಉಪಯೋಗವಿಲ್ಲ.

ಮಣ್ಣಲ್ಲಿ ಕ್ಯಾಲ್ಸಿಯಂ ಇದ್ದೂ ಹೀಗಾಗಬಹುದು. ಮದುವೆಗೆಂದು ನಾಲ್ಕು ದಿನ ಊರಲ್ಲಿರಲಿಲ್ಲ. ಗಿಡ ಬಾಡಿತ್ತು. ಬಂದವಳೇ ಎರಡು ಕೊಡ ನೀರು ಸುರಿದಿದ್ದೆ. ಒಣಗಿಸಿ ಆಮೇಲೆ ಮುಳುಗಿಸುವ ಈ ಏರುಪೇರೇ ದೊಡ್ಡ ಕಾರಣ. ಈಗ ದಿನಾ ಬೆಳಿಗ್ಗೆ ಹದವಾಗಿ ನೀರು, ಗಿಡದ ಬುಡಕ್ಕೆ ದಪ್ಪಗೆ ದರಗು, ಅಂದರೆ ಒಣ ಎಲೆ. ಯೂರಿಯಾ ನಿಲ್ಲಿಸಿದೆ. ಅದು ಎಲೆಯನ್ನು ಸೊಂಪಾಗಿಸುತ್ತದೆ, ಕಾಯಿಯ ಪಾಲು ಇನ್ನೂ ಇಳಿಯುತ್ತದೆ.

ಮಲೆನಾಡಿನ ಮಳೆ ಮಣ್ಣಿನ ಸುಣ್ಣವನ್ನೂ, ಅಂದರೆ ಕ್ಯಾಲ್ಸಿಯಮ್ಮನ್ನೂ, ತೊಳೆದು ಒಯ್ಯುತ್ತದೆ, ಮಣ್ಣು ಹುಳಿಯಾಗುತ್ತದೆ. ಅಡಿಕೆ ತೋಟಕ್ಕೆ ಸುಣ್ಣ ಹಾಕುವುದು ಅದಕ್ಕೇ ಅಲ್ವಾ? ಟೊಮೇಟೊಗೂ ಅದೇ ಮದ್ದು. ಮಣ್ಣು ಪರೀಕ್ಷೆ ಮಾಡಿಸಿ, ಹುಳಿ ತೋರಿಸುವ ಅಳತೆ ಪಿಎಚ್ 6ಕ್ಕಿಂತ ಕೆಳಗಿದ್ದರೆ ಸಸಿ ನೆಡುವ ಕೆಲವು ವಾರ ಮೊದಲೇ ಸುಣ್ಣ ಬೆರೆಸಬೇಕು. ಮೊಟ್ಟೆ ಚಿಪ್ಪು ಕರಗುವುದು ತೀರಾ ನಿಧಾನ, ಈ ವರ್ಷದ ಕಾಯಿಗೆ ಅದು ಆಗಿಬರುವುದಿಲ್ಲ.

ಬೇಸಿಗೆಯಲ್ಲಿ ತೊಟ್ಟಿನ ಸುತ್ತ ಹಳದಿಯಾಗಿಯೇ ಉಳಿದರೆ ಅದು ಬೇರೆ ಸಂಗತಿ. ಬಿಸಿಲಿಗೆ ಕಾಯಿಯ ಒಳಗಿನ ಉಷ್ಣತೆ 30 ಡಿಗ್ರಿ ದಾಟಿತೆಂದರೆ ಕೆಂಪು ಬಣ್ಣದ ಲೈಕೋಪೀನ್ ಸರಿಯಾಗಿ ತಯಾರಾಗುವುದಿಲ್ಲ. ಬಣ್ಣ ತಿರುಗಿದ ಕೂಡಲೇ ಕೊಯ್ದು ಒಳಗಿಡಿ.

ಮಳೆಗಾಲದಲ್ಲಿ ಮಾತ್ರ ಹುಷಾರು. ಕಾಯಿ ಮೇಲೆ ಎಣ್ಣೆ ಸವರಿದಂಥ ಕಂದು ಮಚ್ಚೆ, ಎಲೆಗೂ ಮಚ್ಚೆ ಬಂದರೆ ಅದು ಅಂಗಮಾರಿ. ಅಡಿಕೆಯ ಕೊಳೆರೋಗದ ದಾಯಾದಿ, ಎರಡರ ರೋಗಾಣುಗಳೂ ಫೈಟಾಪ್ತೊರಾ ಎಂಬ ಒಂದೇ ಕುಲದವು. ಶೇಕಡಾ 1ರ ಬೋರ್ಡೋ ಕೆಲಸಕ್ಕೆ ಬರುವುದು ಇಲ್ಲಿ, ಅದೂ ರೋಗ ಹಬ್ಬುವ ಮೊದಲು.

ಬುಡ ಕಪ್ಪಾದ ಕಾಯಿಗಳನ್ನು ಕಿತ್ತೆ. ಬೂಸ್ಟು ಬಂದಿರಲಿಲ್ಲ, ಕಲೆ ಕತ್ತರಿಸಿ ಉಳಿದದ್ದನ್ನು ಸಾರಿಗೆ ಹಾಕಿದೆ. ಗಿಡ ಕೀಳಲಿಲ್ಲ. ಮೂರನೇ ಗೊಂಚಲು ನಿನ್ನೆ ತಿರುಗಿಸಿ ನೋಡಿದೆ. ಬುಡ ನುಣ್ಣಗಿದೆ, ಹಸಿರಾಗಿದೆ.