ಓಎಸ್ ಕೋಡ್‌ನಲ್ಲಿ ಇನ್‌ಲೈನ್: ಎಲ್ಲಿ ಬೇಕೇ ಬೇಕು, ಎಲ್ಲಿ ಬೇಡವೇ ಬೇಡ

ತುಮಕೂರಿನಲ್ಲಿ ಎಕ್ಸ್‌ವಿ6 (ಕಲಿಕೆಗೆಂದೇ ಬರೆದ ಪುಟ್ಟ ಆಪರೇಟಿಂಗ್ ಸಿಸ್ಟಮ್) ಇಟ್ಟುಕೊಂಡು ಓಎಸ್ ಲ್ಯಾಬ್ ಶುರು ಮಾಡಿರುವ ಗೆಳೆಯರಿಗೆ ಈ ಟಿಪ್ಪಣಿ. ಇನ್‌ಲೈನ್ ಎಂದರೆ ಕಾಲ್ ಮಾಡುವ ಬದಲು ಫಂಕ್ಷನ್‌ನ ಕೋಡನ್ನೇ ಕರೆದ ಜಾಗದಲ್ಲಿ ಇಳಿಸುವುದು. ‘ಇದರಿಂದ ಫಂಕ್ಷನ್ ಕಾಲ್‌ನ ಖರ್ಚು ಉಳಿಯುತ್ತದೆ’ ಎಂದು ಬರೆದರೆ ಪರೀಕ್ಷೆಯಲ್ಲಿ ಮಾರ್ಕ್ಸ್ ಬರುತ್ತದೆ. ಓಎಸ್‌ನ ತಿರುಳಾದ ಕರ್ನಲ್‌ಗೆ ಅಷ್ಟು ಸಾಲದು. ಅಲ್ಲಿ ಕೆಲವು ಫಂಕ್ಷನ್‌ಗಳು ಇನ್‌ಲೈನ್ ಆಗದಿದ್ದರೆ ಉತ್ತರವೇ ತಪ್ಪಾಗುತ್ತದೆ. ಇನ್ನು ಕೆಲವು ಆದರೆ ಸ್ಟ್ಯಾಕ್ ತುಂಬುತ್ತದೆ.

ಮೊದಲನೆಯದಕ್ಕೆ ಎಕ್ಸ್‌ವಿ6ರ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂದು ಹಿಂದಕ್ಕೆ ಪಟ್ಟಿ ಮಾಡುವ) ಅಭ್ಯಾಸವೇ ಒಳ್ಳೆಯ ಉದಾಹರಣೆ. ಆರ್_ಎಫ್‌ಪಿ() ಮಾಡುವ ಕೆಲಸ ಇಷ್ಟೇ: ರಿಸ್ಕ್-ವಿ ಪ್ರೊಸೆಸರ್‌ನ ಎಸ್0 ರಿಜಿಸ್ಟರ್‌ನಲ್ಲಿರುವ ಫ್ರೇಮ್ ಪಾಯಿಂಟರ್, ಅಂದರೆ ಸ್ಟ್ಯಾಕ್‌ನಲ್ಲಿ ಆ ಕಾಲ್‌ನ ಪಾಲಿನ ಜಾಗದ (ಫ್ರೇಮ್‌ನ) ವಿಳಾಸ, ಓದಿ ಕೊಡುವುದು. ಒಂದೇ ಎಂವಿ ಇನ್‌ಸ್ಟ್ರಕ್ಷನ್. ಆ ವಿಳಾಸದಿಂದ 8 ಬೈಟ್ ಕೆಳಗೆ ರಿಟರ್ನ್ ಅಡ್ರೆಸ್, 16 ಬೈಟ್ ಕೆಳಗೆ ಹಿಂದಿನ ಫ್ರೇಮ್ ಪಾಯಿಂಟರ್ ಇರುತ್ತದೆ. ಜಿಡಿಬಿ ಡೀಬಗ್ಗರ್‌ನಲ್ಲಿ ಸಾಲು ಸಾಲಾಗಿ ನೋಡೋಣವೆಂದು ಮೇಕ್‌ಫೈಲ್‌ನ ‘-ಓ’ (ಆಪ್ಟಿಮೈಸ್ ಮಾಡು) ತೆಗೆದು ‘-ಓ0’ (ಮಾಡಬೇಡ) ಹಾಕಿದರೆ, ಜಿಸಿಸಿ ಕಂಪೈಲರ್ ಬರೀ ಇನ್‌ಲೈನ್ ಪದಕ್ಕೆ ಬೆಲೆ ಕೊಡುವುದಿಲ್ಲ. ಆರ್_ಎಫ್‌ಪಿ ನಿಜವಾದ ಕಾಲ್ ಆಗಿ, ತನ್ನದೇ ಫ್ರೇಮ್ ಕಟ್ಟಿಕೊಂಡು, ಅದರ ವಿಳಾಸವನ್ನೇ ಕೊಡುತ್ತದೆ. ರಿಟರ್ನ್ ಆದ ಕೂಡಲೇ ಆ ಫ್ರೇಮ್ ಬಿಟ್ಟುಹೋದ ಜಾಗ. ಮುಂದೆ ಕರೆಯುವ ಪ್ರಿಂಟ್‌ಎಫ್ ಅದರ ಮೇಲೆಯೇ ಬರೆಯುತ್ತದೆ, ಫ್ರೇಮ್‌ಗಳ ಸರಪಳಿ ಅಲ್ಲಿಗೇ ತುಂಡಾಗುತ್ತದೆ. ಇಂಥ ಕಡೆ ಆಲ್ವೇಸ್_ಇನ್‌ಲೈನ್ ಆಟ್ರಿಬ್ಯೂಟ್ ಹಾಕಲೇಬೇಕು, ಏಕೆಂದರೆ ‘-ಓ0’ನಲ್ಲೂ ಅದಕ್ಕೆ ಬೆಲೆಯಿದೆ. ಖಾತ್ರಿಗೆ, ಬಿಲ್ಡ್ ಆದ ಮೇಲೆ ಸಿಗುವ ಕರ್ನಲ್.ಎಎಸ್‌ಎಂ ಫೈಲ್ ತೆರೆದು ಬ್ಯಾಕ್‌ಟ್ರೇಸ್ ಭಾಗ ನೋಡಿ: ಆರ್_ಎಫ್‌ಪಿಗೆ ಕಾಲ್ ಕಾಣಿಸಿದರೆ ಇನ್‌ಲೈನ್ ಆಗಿಲ್ಲ.

ಸಿಎಸ್‌ಆರ್ (ಪ್ರೊಸೆಸರ್‌ನ ನಿಯಂತ್ರಣ-ಸ್ಥಿತಿ ರಿಜಿಸ್ಟರ್) ಓದುವ, ಇಂಟರಪ್ಟ್ ಆನ್-ಆಫ್ ಮಾಡುವ ಒಂದೆರಡು ಇನ್‌ಸ್ಟ್ರಕ್ಷನ್‌ನ ಫಂಕ್ಷನ್‌ಗಳೂ ಇನ್‌ಲೈನ್‌ಗೆ ಹೇಳಿ ಮಾಡಿಸಿದವು. ಅವನ್ನು ಹೆಡರ್‌ನಲ್ಲಿ ‘ಸ್ಟ್ಯಾಟಿಕ್ ಇನ್‌ಲೈನ್’ ಎಂದೇ ಬರೆಯಿರಿ. ಸ್ಟ್ಯಾಟಿಕ್ ಬಿಟ್ಟರೆ, ಸಿ99 ನಿಯಮದ ಪ್ರಕಾರ ಆ ಫೈಲ್‌ನಲ್ಲಿ ಹೊರಗಿನವರಿಗೆ ಸಿಗುವ ಪ್ರತಿ ಹುಟ್ಟುವುದಿಲ್ಲ. ಕಂಪೈಲರ್ ಕಾಲ್ ಮಾಡಲು ಹೊರಟರೆ ಲಿಂಕರ್ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎನ್ನುತ್ತದೆ.

ಉಳಿದ ಕಡೆ ಕೈ ಬಿಗಿ ಇರಲಿ. ಲಿನಕ್ಸ್ ಕರ್ನಲ್‌ನ ಕೋಡಿಂಗ್ ಸ್ಟೈಲ್ ಹೇಳುವ ಅಂದಾಜು, 3 ಸಾಲಿಗಿಂತ ದೊಡ್ಡ ಫಂಕ್ಷನ್‌ಗೆ ಇನ್‌ಲೈನ್ ಬೇಡ ಎಂಬುದು. ಲೆಕ್ಕ ಹಾಕಿ ನೋಡಿ: 100 ಬೈಟ್‌ನ ಫಂಕ್ಷನ್ 50 ಕಡೆ ಇಳಿದರೆ ಸುಮಾರು 5,000 ಬೈಟ್. ಎಕ್ಸ್86-64ರಲ್ಲಿ ಸಾಮಾನ್ಯ ಕಾಲ್ ಇನ್‌ಸ್ಟ್ರಕ್ಷನ್ 5 ಬೈಟ್ ಮಾತ್ರ. ಎಷ್ಟೋ ಪ್ರೊಸೆಸರ್‌ಗಳ ಮೊದಲ ಹಂತದ ಇನ್‌ಸ್ಟ್ರಕ್ಷನ್ ಕ್ಯಾಶೆ (ಒಳಗಿನ ಚಿಕ್ಕ, ವೇಗದ ಮೆಮೊರಿ) ಇರುವುದೇ 32 ಕೆಬಿ. ಕಾಲ್ ಉಳಿಸಹೋಗಿ ಕ್ಯಾಶೆ ಮಿಸ್ ಕೊಂಡಂತಾಗುತ್ತದೆ. ಇದಕ್ಕೊಂದು ನ್ಯಾಯವಾದ ಅಪವಾದ ಕರ್ನಲ್‌ನೊಳಗೆ ಮೆಮೊರಿ ಕೊಡುವ ಕೆಮ್ಯಾಲಕ್(): ಗಾತ್ರ ಕಂಪೈಲ್ ಹೊತ್ತಿಗೇ ಗೊತ್ತಿದ್ದರೆ ಅದರೊಳಗಿನ ಬಹುಪಾಲು ಕೋಡ್ ಅಳಿಸಿಹೋಗುತ್ತದೆ. ಒಂದೇ ಕಡೆ ಬಳಸುವ ಸ್ಟ್ಯಾಟಿಕ್ ಫಂಕ್ಷನ್‌ಗೆ ಇನ್‌ಲೈನ್ ಬರೆಯುವುದು ಬೇಕಿಲ್ಲ. ಜಿಸಿಸಿ ತಾನೇ ಮಾಡುತ್ತದೆ.

ಆದರೆ ಆ ‘ತಾನೇ ಮಾಡುವುದು’ ಸ್ಟ್ಯಾಕ್‌ಗೆ ಕುತ್ತು ತರುವುದುಂಟು. ಎರರ್ ಬಂದಾಗ ಮಾತ್ರ ಓಡುವ ಫಂಕ್ಷನ್ ಒಂದರಲ್ಲಿ 512 ಬೈಟ್‌ನ ಲೋಕಲ್ ಬಫರ್ ಇದೆ ಎನ್ನಿ. ಇನ್‌ಲೈನ್ ಆದರೆ ಆ 512 ಬೈಟ್ ಕರೆದವರ ಫ್ರೇಮ್‌ಗೆ ಸೇರಿಕೊಂಡು, ಎರರ್ ಬರದಿದ್ದರೂ, ಕೆಳಗೆ ಎಷ್ಟು ಆಳದ ಕಾಲ್ ಹೋದರೂ ಜಾಗ ಹಿಡಿದೇ ಇರುತ್ತದೆ. ಎಕ್ಸ್86-64 ಲಿನಕ್ಸ್‌ನಲ್ಲಿ ಒಂದು ಥ್ರೆಡ್‌ಗೆ ಕರ್ನಲ್ ಸ್ಟ್ಯಾಕ್ ಸಾಮಾನ್ಯವಾಗಿ 16 ಕೆಬಿ. ಫ್ರೇಮ್ ದೊಡ್ಡದಾಯಿತು ಎಂಬ ವಾರ್ನಿಂಗ್ ಬಂದರೆ ಮಿತಿಯನ್ನು ಏರಿಸಬೇಡಿ. ಆ ಫಂಕ್ಷನ್‌ಗೆ ನೋಇನ್‌ಲೈನ್ ಹಾಕಿ, ಇಲ್ಲವೇ ಬಫರ್ ಅನ್ನು ಕೆಮ್ಯಾಲಕ್‌ನಿಂದ ಪಡೆಯಿರಿ.

ಡೀಬಗ್ ಮಾಡುವಾಗಲೂ ಒಂದು ನೆನಪಿರಲಿ: ಎಲ್ಲ ಕಡೆ ಇನ್‌ಲೈನ್ ಆಗಿಹೋದ ಫಂಕ್ಷನ್ ಎಫ್‌ಟ್ರೇಸ್‌ನ (ಲಿನಕ್ಸ್ ಕರ್ನಲ್‌ನ ಫಂಕ್ಷನ್ ಕಾಲ್‌ಗಳನ್ನು ಹಿಂಬಾಲಿಸುವ ಸಾಧನ) ಪಟ್ಟಿಯಲ್ಲಿ ಸಿಗುವುದಿಲ್ಲ.

ಬದಲಾವಣೆಯ ಲಾಭ-ನಷ್ಟ ತಿಳಿಯಲು ಹಳೆಯ ವಿಎಂಲಿನಕ್ಸ್ ಫೈಲ್ (ಬಿಲ್ಡ್ ಆದ ಲಿನಕ್ಸ್ ಕರ್ನಲ್) ಎತ್ತಿಟ್ಟುಕೊಂಡು, ಹೊಸದನ್ನು ಬಿಲ್ಡ್ ಮಾಡಿ, ಲಿನಕ್ಸ್ ಸೋರ್ಸ್‌ನ ಸ್ಕ್ರಿಪ್ಟ್ಸ್ ಫೋಲ್ಡರ್‌ನ ಬ್ಲೋಟ್-ಓ-ಮೀಟರ್‌ಗೆ ಎರಡನ್ನೂ ಕೊಡಿ. ಯಾವ ಫಂಕ್ಷನ್ ಎಷ್ಟು ಬೈಟ್ ಉಬ್ಬಿತು, ಎಷ್ಟು ಇಳಿಯಿತು ಎಂದು ಸಾಲಾಗಿ ತೋರಿಸುತ್ತದೆ.